ಗ್ರಂಥವಿಮರ್ಶೆಯೂ ಮುಯ್ಯಿಯೂ

ನಮ್ಮ ಕಡೆಯ ಮದುವೆಮನೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿಯನ್ನು ವಾಚಕರು ನೋಡಿಯೇ ಇರುವಿರಿ. ಚಪ್ಪರದ ಒಂದು ಮೂಲೆಯಲ್ಲಿ ಮನೆಯ ಹಿರಿಯರೊಬ್ಬರು ಪುಸ್ತಕವನ್ನು ತೆರೆದುಕೊಂಡು ಕುಳಿತು, ಯಾರು ಎಷ್ಟು ಮುಯ್ಯಿ ಇಟ್ಟರೆಂಬುದನ್ನು ಹೆಸರು ಸಹಿತವಾಗಿ ಬರೆದುಕೊಳ್ಳುವರು. ಮುಂದೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಆ ಪುಸ್ತಕವನ್ನು ತೆಗೆದು ನೋಡಿ, ಅದಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸುವರು. ಒಂದು ಕುಟುಂಬದ ಭಾರವನ್ನು ಹತ್ತು ಕುಟುಂಬಗಳು ಹಂಚಿಕೊಳ್ಳುವ ಉಪಾಯವಿದು. ಒಳ್ಳೆಯ ಪದ್ಧತಿಯೇ ಸರಿ. ಆದರೆ ಕನ್ನಡದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಹಗೆಯನ್ನು ಹಗೆಯಿಂದ ತೀರಿಸುವುದಕ್ಕೂ ಮುಯ್ಯಿ ತೀರಿಸಿಕೊಳ್ಳುವುದೆಂದೇ ಹೇಳುತ್ತೇವೆ. ಉಡುಗೊರೆಗೂ ಹಗೆಗೂ ಒಂದೇ ಮಾತೇಕೆಂದು ಹಿಂದೆ ತರಗತಿಯಲ್ಲಿ ಹುಡುಗರು ನಮ್ಮನ್ನು ಕೇಳುತ್ತಿದ್ದರು. ಕೊಟ್ಟದ್ದನ್ನು ಕೊಟ್ಟವರಿಗೇ ಹಿಂದಿರುಗಿಸುವುದು ಎರಡರಲ್ಲಿಯೂ ಸಮಾನವಲ್ಲವೇ, ಎಂದು ಉತ್ತರ ಹೇಳುತ್ತಿದ್ದೆವು. ಈ ತಿಂಗಳು ಈ ಮಾತನ್ನು ಎತ್ತಿಕೊಳ್ಳಲು ಕಾರಣವೇನೆಂದರೆ, ಅದೇ ಮುಯ್ಯಿಯ ಲೆಕ್ಕವು ಈಗ ಗ್ರಂಥವಿಮರ್ಶೆಯೊಳಕ್ಕೂ ಬಂದು ಸೇರಿರುವುದು.

ತಮ್ಮ ಗ್ರಂಥವನ್ನು ತಾವೇ ಅಚ್ಚು ಹಾಕಿಸಿ ತಾವೇ ಮಾರುವ ಲೇಖಕರು ನಮ್ಮ ನಾಡಿಗೆ ಹೊಸಬರಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಂಜನಗೂಡಿನ ತಿರುಮಲಾಂಬಾ ಅವರು 1913ರ ಸುಮಾರಿನಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ ತಮ್ಮ ಕೃತಿಗಳನ್ನು ಪ್ರಕಟಿಸಿದರು. ಈಗಲಾದರೋ ಗಣಕಯಂತ್ರದ ದೆಸೆಯಿಂದ ಈ ಕೆಲಸ ಸುಲಭವಾಗಿದೆ. ನೂರು ಪ್ರತಿ ಬೇಕೆಂದರೆ ನೂರೇ ಪ್ರತಿ ಅಚ್ಚಾಗಿ ಬರುವುದು. ಆದರೆ ಅಚ್ಚಾದ ಗ್ರಂಥವನ್ನು ಕೇಳುವವರಾರು? ದೊಡ್ಡ ಪ್ರಕಾಶಕರ ಜಾಹೀರಾತು ಇಲ್ಲ. ಪತ್ರಿಕೆಗಳಲ್ಲಿ ವಿಮರ್ಶೆಗೆ ಸ್ಥಳವಿಲ್ಲ. ಹೀಗಿರಲು ಒಬ್ಬ ಲೇಖಕನು ಇನ್ನೊಬ್ಬ ಲೇಖಕನ ಮುಖವನ್ನು ನೋಡುವುದು ಸಹಜ. 'ನೀವು ನನ್ನದಕ್ಕೆ ನಾಲ್ಕು ಮಾತು ಬರೆಯಿರಿ, ನಿಮ್ಮದಕ್ಕೆ ನಾನು ಬರೆಯುತ್ತೇನೆ' ಎಂಬ ಒಪ್ಪಂದವು ಹುಟ್ಟುವುದು ಇಲ್ಲಿಯೇ. ದುಷ್ಟತನದಿಂದಲ್ಲ, ಅಸಹಾಯತೆಯಿಂದ.

ಪರರನ್ನು ದೂಷಿಸುವುದಕ್ಕೆ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುವುದು ಮೇಲು. ಕೆಲವು ವರ್ಷಗಳ ಹಿಂದೆ ನಾವು ಸುಭಾಷಿತಗಳಿಗೆ ಸರಳವಾದ ಅರ್ಥವನ್ನು ಬರೆದು, ನಿವೃತ್ತಿವೇತನದ ಹಣದಲ್ಲಿ ಮುನ್ನೂರು ಪ್ರತಿಗಳನ್ನು ಅಚ್ಚು ಹಾಕಿಸಿದೆವು. ಅದೇ ಸಮಯದಲ್ಲಿ ಮಿತ್ರರೊಬ್ಬರು ಮಕ್ಕಳಿಗಾಗಿ ಪುರಾಣಕಥೆಗಳ ಪುಸ್ತಕವೊಂದನ್ನು ಹೊರತಂದಿದ್ದರು. ಒಂದು ಸಾಯಂಕಾಲ ನಮ್ಮ ಮನೆಯ ಜಗಲಿಯ ಮೇಲೆ ಕಾಫಿಯಾಗುತ್ತಿರುವಾಗ, ಮೇಲೆ ಹೇಳಿದ ಒಪ್ಪಂದವು ನಮ್ಮಿಬ್ಬರೊಳಗೆ ಆಗಿಹೋಯಿತು. ಅವರ ಪುಸ್ತಕದ ಮುನ್ನುಡಿಯನ್ನೂ ಎರಡು ಕಥೆಗಳನ್ನೂ ಓದಿ, ಇದು ಪ್ರತಿಯೊಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಇರಲೇಬೇಕಾದ ಗ್ರಂಥವೆಂದು ಬರೆದೆವು. ಅವರೂ ನಮ್ಮ ಪುಸ್ತಕವನ್ನು ಅಷ್ಟೇ ಧಾರಾಳವಾಗಿ ಹೊಗಳಿದರು. ಮುಯ್ಯಿ ಸರಿಹೋಯಿತು.

ಎರಡು ತಿಂಗಳಾದ ಮೇಲೆ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಅವನೀಗ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯ. ನಮ್ಮ ಮಾತನ್ನು ನಂಬಿ, 150 ರೂಪಾಯಿಗೆ ಒಂದರಂತೆ ಹನ್ನೆರಡು ಪ್ರತಿಗಳನ್ನು ಸ್ವಂತ ಹಣದಿಂದ ಕೊಂಡು ಮಕ್ಕಳಿಗೆ ಬಹುಮಾನವಾಗಿ ಹಂಚಿದ್ದನು. ಆ ಪುಸ್ತಕದಲ್ಲಿ ಧ್ರುವನನ್ನು ಸುರುಚಿಯ ಮಗನೆಂದು ಬರೆದಿತ್ತಂತೆ. ಒಂದು ಹುಡುಗಿ ಮಾರನೆಯ ದಿನ ತರಗತಿಯಲ್ಲಿ ಎದ್ದು ನಿಂತು, 'ಧ್ರುವನ ತಾಯಿ ಸುನೀತಿ, ಸುರುಚಿ ಮಲತಾಯಿ ಎಂದು ನಮ್ಮ ಅಜ್ಜಿ ಹೇಳಿದರು' ಎಂದಳಂತೆ. ಇಂತಹ ತಪ್ಪುಗಳು ಇನ್ನೂ ಏಳೆಂಟು ಇದ್ದುವು. ಶಿಷ್ಯನು ಕೋಪಮಾಡಲಿಲ್ಲ. ತಲೆ ತಗ್ಗಿಸಿಕೊಂಡು, 'ಮೇಷ್ಟ್ರೇ, ತಾವು ಈ ಪುಸ್ತಕವನ್ನು ಪೂರ್ತಿಯಾಗಿ ಓದಿದ್ದಿರಾ?' ಎಂದು ಕೇಳಿದನು. ಮೂವತ್ತು ವರ್ಷಗಳ ಕಾಲ, ಓದದೆ ಬಂದು ಓದಿದೆನೆನ್ನುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಅಂದು ಅವನಿಗೆ ಕೊಡುವುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದೀಚೆಗೆ ಈ ವಿಷಯವನ್ನು ಮೇಲಿಂದ ಮೇಲೆ ಯೋಚಿಸಿದ್ದೇವೆ. ಮುಯ್ಯಿಯಲ್ಲಿ ಇರುವವರು ಇಬ್ಬರೇ. ಕೊಟ್ಟವನು ಮತ್ತು ಪಡೆದವನು. ವಿಮರ್ಶೆಯಲ್ಲಿ ಮೂರನೆಯವನೊಬ್ಬನು ಇರುತ್ತಾನೆ. ಅವನು ಗ್ರಂಥವನ್ನು ಇನ್ನೂ ನೋಡದ ವಾಚಕ. ವಿಮರ್ಶಕನು ಸಾಲಗಾರನಾಗಿರುವುದು ಅವನಿಗೆ, ಗ್ರಂಥಕರ್ತನಿಗಲ್ಲ. ಇಬ್ಬರು ಲೇಖಕರು ತಮ್ಮೊಳಗೆ ಲೆಕ್ಕವನ್ನು ಸರಿಮಾಡಿಕೊಂಡಾಗ, ಹಣವನ್ನು ತೆತ್ತವನು ಈ ಮೂರನೆಯವನು.

ಕ್ರಿ. ಶ. 900ರ ಸುಮಾರಿನಲ್ಲಿ ಕನೋಜಿನ ಆಸ್ಥಾನದಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ವಿಮರ್ಶಕರನ್ನು ನಾಲ್ಕು ವಿಧವಾಗಿ ವಿಂಗಡಿಸಿರುವನು. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಕಡ್ಡಿಯ ಸಹಿತ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವು ಕಣ್ಣಿಗೆ ಕಂಡರೂ ಕಾಣದವನಂತಿರುವವನು ಮತ್ಸರಿ. ಪಕ್ಷಪಾತವಿಲ್ಲದೆ ಕೃತಿಯ ತಿರುಳನ್ನು ಹೊಕ್ಕು ನೋಡುವವನು ತತ್ತ್ವಾಭಿನಿವೇಶಿ. ಇಂಥವನು ಸಾವಿರಕ್ಕೊಬ್ಬನು ಸಿಕ್ಕಿದರೆ ಹೆಚ್ಚು. ಅಷ್ಟು ಮಾತ್ರವಲ್ಲ. ಕಾವ್ಯವನ್ನು ರಚಿಸುವ ಪ್ರತಿಭೆ ಬೇರೆ, ಅದನ್ನು ಪರೀಕ್ಷಿಸುವ ಪ್ರತಿಭೆ ಬೇರೆ; ಎರಡೂ ಒಬ್ಬನಲ್ಲಿಯೇ ಕೂಡಿಬರುವುದು ಅಪೂರ್ವವೆಂಬ ವಿಚಾರವೂ ಅಲ್ಲಿ ಬಂದಿದೆ. ಚಿನ್ನದ ಅದಿರು ಒರೆಗಲ್ಲಾಗಲಾರದಷ್ಟೆ. ಲೇಖಕನೇ ಲೇಖಕನನ್ನು ವಿಮರ್ಶಿಸಲು ಹೊರಟಾಗ ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ನಮ್ಮ ಅನುಭವದಲ್ಲಿ ಅವನಿಗೆ ಅಪಾಯವು ಎರಡು ಕಡೆಯಿಂದ ಬರುವುದು. ಸಮಾನನ ಏಳಿಗೆಯನ್ನು ಕಂಡು ಮತ್ಸರಿಯಾಗುವುದು ಒಂದು. ಮುಯ್ಯಿಯ ಆಸೆಯಿಂದ ಹುಲ್ಲನ್ನೂ ಅನ್ನವೆನ್ನುವುದು ಇನ್ನೊಂದು. ಎರಡನೆಯವನು ರಾಜಶೇಖರನ ಸತೃಣಾಭ್ಯವಹಾರಿಗಿಂತಲೂ ಕೀಳು. ಏತಕ್ಕೆಂದರೆ ಆ ಬಡಪಾಯಿ ಹುಲ್ಲನ್ನು ತಾನು ತಿನ್ನುವನು. ಇವನು ಪರರ ಎಲೆಗೆ ಬಡಿಸುವನು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಮಹಾಕವಿ ವಾಲ್ಟ್ ವಿಟ್ಮನ್ನನು 1855ರಲ್ಲಿ 'ಲೀವ್ಸ್ ಆಫ್ ಗ್ರಾಸ್' ಎಂಬ ತನ್ನ ಕವನಸಂಗ್ರಹವನ್ನು ತಾನೇ ಪ್ರಕಟಿಸಿದನು. ಅಚ್ಚಿನ ಮೊಳೆಗಳನ್ನು ಜೋಡಿಸುವುದರಲ್ಲಿಯೂ ಅವನ ಕೈ ಇತ್ತು. ಆಮೇಲೆ ಹೆಸರಿಲ್ಲದೆ ತನ್ನ ಪುಸ್ತಕವನ್ನು ತಾನೇ ಪ್ರಶಂಸಿಸಿ ಪತ್ರಿಕೆಗಳಿಗೆ ವಿಮರ್ಶೆಗಳನ್ನು ಬರೆದನು. ಹಿರಿಯ ಲೇಖಕನಾದ ಎಮರ್ಸನ್ನನು ಆ ಗ್ರಂಥವನ್ನು ಮನಸಾರೆ ಮೆಚ್ಚಿ ಅವನಿಗೆ ಖಾಸಗಿಯಾಗಿ ಪತ್ರ ಬರೆದಿದ್ದನು. ವಿಟ್ಮನ್ನನು ಅನುಮತಿಯನ್ನು ಕೇಳದೆ, ಆ ಪತ್ರದ ಒಂದು ವಾಕ್ಯವನ್ನು ಬರೆದವನ ಹೆಸರಿನೊಡನೆ 1856ರ ಎರಡನೆಯ ಮುದ್ರಣದ ಬೆನ್ನಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಹಾಕಿಸಿದನು. ಗ್ರಂಥವು ದೊಡ್ಡದೇ, ಲೋಕವು ಅದನ್ನು ಒಪ್ಪಿಕೊಂಡಿತು. ಹೊಗಳಿಕೆಯ ಮಾತೂ ಸುಳ್ಳಾಗಿರಲಿಲ್ಲವೆನ್ನಬಹುದು. ತಪ್ಪಿದ್ದುದು ಹೇಳುವವನಾರೆಂಬುದನ್ನು ವಾಚಕನಿಂದ ಮರೆಮಾಡಿದುದರಲ್ಲಿ, ಸ್ನೇಹದಿಂದ ಬರೆದ ಮಾತನ್ನು ಕೇಳದೆ ಸಂತೆಗೆ ತಂದುದರಲ್ಲಿ.

ಹಗೆಯ ಮುಯ್ಯಿಗೂ ಉದಾಹರಣೆಯುಂಟು. 2012ರಲ್ಲಿ ಇಂಗ್ಲೆಂಡಿನ ಹೆಸರಾಂತ ಪತ್ತೇದಾರಿ ಕಾದಂಬರಿಕಾರನೊಬ್ಬನು ಸುಳ್ಳು ಹೆಸರುಗಳಿಂದ ತನ್ನ ಪುಸ್ತಕಗಳನ್ನು ಹೊಗಳಿ, ಸಹೋದ್ಯೋಗಿಗಳ ಪುಸ್ತಕಗಳನ್ನು ತೆಗಳಿ ಅಂತರ್ಜಾಲದ ಅಂಗಡಿಯಲ್ಲಿ ಬರೆದುದು ಬಯಲಾಗಿ, ಅವನು ಬಹಿರಂಗವಾಗಿ ಕ್ಷಮೆ ಬೇಡಬೇಕಾಯಿತು. ಇಂತಹ ನಡತೆಯನ್ನು ಖಂಡಿಸಿ ಅಲ್ಲಿಯ ಅನೇಕ ಲೇಖಕರು ಬಹಿರಂಗ ಪತ್ರವನ್ನೇ ಪ್ರಕಟಿಸಿದರು. ಅಮೆಜಾನ್ ಮುಂತಾದ ಅಂಗಡಿಗಳು ಲೇಖಕನ ಬಂಧುಗಳೂ ಆಪ್ತಮಿತ್ರರೂ ವಿಮರ್ಶೆ ಬರೆಯುವುದನ್ನೂ, ಹೊಗಳಿಕೆಗೆ ಹೊಗಳಿಕೆಯನ್ನು ಬದಲಿಗೆ ಕೊಡುವುದನ್ನೂ ನಿಷೇಧಿಸಿವೆ. ನಮ್ಮ ಭಾರತೀಯ ಮಾನಕ ಸಂಸ್ಥೆಯೂ 2022ರ ನವೆಂಬರಿನಲ್ಲಿ, ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿತು. ಕಾನೂನು ತನ್ನ ಕೆಲಸವನ್ನು ತಾನು ಮಾಡಲಿ. ಆದರೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಆಗುವ ಒಪ್ಪಂದವನ್ನು ಯಾವ ಮಾನಕವು ಹಿಡಿಯಬಲ್ಲುದು? ಅದನ್ನು ಹಿಡಿಯತಕ್ಕದ್ದು ನಮ್ಮ ಮನಸ್ಸೇ.

ಹಾಗಾದರೆ ಲೇಖಕರು ಒಬ್ಬರಿಗೊಬ್ಬರು ನೆರವಾಗಕೂಡದೆ? ಅಗತ್ಯವಾಗಿ ಆಗಬೇಕು. ಆದರೆ ಆ ನೆರವಿಗೆ ಸರಿಯಾದ ಕಾಲವು ಅಚ್ಚಿಗೆ ಮೊದಲು. ಕ್ರಿ. ಶ. 850ರ ಸುಮಾರಿನ ನಮ್ಮ 'ಕವಿರಾಜಮಾರ್ಗ'ವು, ಕಣ್ಣಿಗೆ ತನ್ನ ಕಾಡಿಗೆಯು ಕಾಣದಂತೆ ತನ್ನ ದೋಷವು ತನಗೆ ಕಾಣುವುದಿಲ್ಲವೆಂಬ ಅರ್ಥದ ಮಾತನ್ನು ಹೇಳಿರುವುದು. ಕಾಡಿಗೆ ಕದಡಿದೆಯೆಂದು ಹೇಳತಕ್ಕವನು ಎದುರಿಗಿರುವ ಸ್ನೇಹಿತನು. ಹಸ್ತಪ್ರತಿಯನ್ನು ಪರಸ್ಪರ ಬದಲಾಯಿಸಿಕೊಂಡು ಓದಿರಿ. ಕರಡಚ್ಚಿನ ಅಂಚಿನಲ್ಲಿ ಧಾರಾಳವಾಗಿ ಕೆಂಪು ಶಾಯಿ ಸುರಿಯಿರಿ. ಅಲ್ಲಿ ಮುಯ್ಯಿಗೆ ಮುಯ್ಯಿ ನಡೆಯಲಿ. ಎಷ್ಟು ನಡೆದರೂ ವಾಚಕನಿಗೆ ಲಾಭವೇ. ನಮ್ಮ ಮಿತ್ರರ ಹಸ್ತಪ್ರತಿಯನ್ನು ಮೊದಲೇ ಓದಿದ್ದರೆ ಧ್ರುವನು ತಾಯಿಯನ್ನು ಕಳೆದುಕೊಳ್ಳುತ್ತಿರಲಿಲ್ಲ.

ಅಚ್ಚಾದ ಮೇಲೆ ಮಾತು ವಾಚಕನೊಡನೆ. ಆಗ ಈ ಕೆಲವು ನಿಯಮಗಳನ್ನು ಇಟ್ಟುಕೊಳ್ಳುವುದು ಮೇಲೆಂದು ನಮಗೆ ತೋರುವುದು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಒಂದು ವಾಕ್ಯವನ್ನೂ ಬರೆಯಕೂಡದು. ಗ್ರಂಥಕರ್ತನು ಪರಿಚಿತನಾಗಿದ್ದರೆ, ಪ್ರತಿಯನ್ನು ಅವನೇ ಕೊಟ್ಟಿದ್ದರೆ, ಅದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡಬೇಕು. ಆಪ್ತನಾಗಿದ್ದರೆ ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ನಮ್ಮ ಪುಸ್ತಕವು ಯಾರ ಮೇಜಿನ ಮೇಲೆ ವಿಮರ್ಶೆಗಾಗಿ ಕಾದಿದೆಯೋ, ಅವರ ಪುಸ್ತಕವನ್ನು ಆ ಕಾಲದಲ್ಲಿ ನಾವು ಮುಟ್ಟಕೂಡದು. ಮೂವರು ಸೇರಿ ಚಕ್ರವಾಗಿ ಬರೆದುಕೊಂಡರೆ ದೋಷವಿಲ್ಲವೆಂದು ಕೆಲವರು ಹೇಳುವರು. ಮುಯ್ಯಿಯು ಸುತ್ತಿ ಬಂದರೂ ಮುಯ್ಯಿಯೇ.

ಬರೆಯುವಾಗ ಗ್ರಂಥಕರ್ತನು ಏನನ್ನು ಮಾಡಹೊರಟನೆಂಬುದನ್ನು ಮೊದಲು ತಿಳಿಸಿ, ಅದನ್ನು ಎಷ್ಟರಮಟ್ಟಿಗೆ ಸಾಧಿಸಿದನೆಂದು ಅಳೆಯಬೇಕು. ಕಥೆಯನ್ನು ಬರೆದವನಿಗೆ ಕಾವ್ಯವನ್ನೇಕೆ ಬರೆಯಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ಗುಣವನ್ನು ಹೇಳಿದರೂ ದೋಷವನ್ನು ಹೇಳಿದರೂ ಪುಟವನ್ನು ತೋರಿಸಿ ಹೇಳಬೇಕು. 'ಅಮೋಘ', 'ಅದ್ವಿತೀಯ' ಎಂಬ ಮಾತುಗಳು ಯಾವ ಪುಸ್ತಕಕ್ಕಾದರೂ ಹೊಂದುವುದರಿಂದ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ. ಅಂಗಡಿಯವರು ಕೇಳುವ ಐದು ನಕ್ಷತ್ರಗಳೂ ಹಾಗೆಯೇ. ಎಲ್ಲರಿಗೂ ಐದನ್ನು ಕೊಟ್ಟರೆ ಆಕಾಶದಲ್ಲಿ ದಾರಿ ತೋರುವ ನಕ್ಷತ್ರವು ಯಾವುದು? ಈ ಪುಸ್ತಕವು ಯಾರಿಗೆ ಉಪಯೋಗ, ಯಾರಿಗೆ ಅಲ್ಲ ಎಂಬುದನ್ನು ಬಿಡಿಸಿ ಹೇಳಿದರೆ ಗೃಹಸ್ಥನಿಗೆ ಅಷ್ಟೇ ಸಾಕು.

ಮೆಚ್ಚಲು ಏನೂ ಇಲ್ಲದಿದ್ದರೆ? ಲೇಖಕನಿಗೆ ಖಾಸಗಿಯಾಗಿ ಕಾಗದ ಬರೆದು, ಹೊರಗೆ ಮೌನವಾಗಿರುವುದಕ್ಕೆ ಅವಕಾಶವುಂಟು. ಬರೆಯುತ್ತೇನೆಂದು ವಾಚಕನಿಗೆ ಮಾತು ಕೊಡದವನ ಮೌನವು ಸುಳ್ಳಲ್ಲ. ಆದರೆ ಮಕ್ಕಳ ಕೈಗೆ ಹೋಗುವ ಪುಸ್ತಕ, ಔಷಧ ಪಥ್ಯಗಳನ್ನು ಹೇಳುವ ಪುಸ್ತಕ, ಇಂತಹವುಗಳಲ್ಲಿ ತಪ್ಪಿದ್ದರೆ ಮೌನವೂ ಅಪರಾಧವಾದೀತು.

ಇನ್ನು ನಮ್ಮ ಕಥೆಯ ಉಳಿದ ಭಾಗ. ಶಿಷ್ಯನಿಗೆ 1,800 ರೂಪಾಯಿಗಳನ್ನು ಕೊಡಹೋದೆವು, ಅವನು ತೆಗೆದುಕೊಳ್ಳಲಿಲ್ಲ. ಮಿತ್ರರ ಪುಸ್ತಕವನ್ನು ಪೂರ್ತಿಯಾಗಿ ಓದಿ, ತಪ್ಪುಗಳ ಪಟ್ಟಿಯನ್ನು ಅವರಿಗೆ ಕಳುಹಿಸಿ, ನಮ್ಮ ಹೊಗಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿರುವುದಾಗಿ ಅದು ಅಚ್ಚಾಗಿದ್ದ ಪತ್ರಿಕೆಗೇ ಬರೆದೆವು. ನಾಲ್ಕು ತಿಂಗಳು ಅವರು ನಮ್ಮ ಬೀದಿಯಲ್ಲಿ ಹಾಯಲಿಲ್ಲ. ಐದನೆಯ ತಿಂಗಳು ತಿದ್ದಿದ ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬಂದರು. 'ಎರಡನೆಯ ಮುದ್ರಣ. ಅಚ್ಚಿಗೆ ಕೊಡುವ ಮೊದಲು ನೋಡಿಕೊಡಿ' ಎಂದರು. ಜೊತೆಗೆ ಒಂದು ಕಾಗದವನ್ನು ನಮ್ಮ ಕೈಗಿತ್ತರು. ನಮ್ಮ ಸುಭಾಷಿತದ ಪುಸ್ತಕದಲ್ಲಿ ಅರ್ಥ ಕೆಟ್ಟಿರುವ ಮೂರು ಸ್ಥಳಗಳನ್ನು ಅದರಲ್ಲಿ ಬರೆದಿದ್ದರು. ಆ ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂಬುದನ್ನು ವಾಚಕರಿಂದ ಮರೆಮಾಡುವುದಿಲ್ಲ. ಬೆಳಗ್ಗೆ ಎದ್ದು ಪುಸ್ತಕವನ್ನು ತೆಗೆದು ನೋಡಿದರೆ, ಮೂರರಲ್ಲಿ ಎರಡು ಕಡೆ ಅವರ ಮಾತೇ ಸರಿಯಾಗಿತ್ತು.

ಕಳೆದ ವೈಶಾಖದಲ್ಲಿ ಅವರ ಮಗಳ ಮದುವೆಯಾಯಿತು. ನಮ್ಮ ಮನೆಯ ಮುಯ್ಯಿಪುಸ್ತಕವನ್ನು ತೆಗೆದು ನೋಡಿ, ಅವರು ಹಿಂದೆ ಕೊಟ್ಟಿದ್ದುದಕ್ಕೆ ಹತ್ತು ರೂಪಾಯಿ ಹೆಚ್ಚಾಗಿಯೇ ಇಟ್ಟು ಬಂದೆವು. ಅವರ ಪುಸ್ತಕದ ಎರಡನೆಯ ಮುದ್ರಣಕ್ಕೆ ಮಾತ್ರ ನಾವು ವಿಮರ್ಶೆಯನ್ನು ಬರೆದಿಲ್ಲ. ಬರೆಯೆಂದು ಅವರೂ ಕೇಳಲಿಲ್ಲ. ಅದನ್ನು ಆ ಹಳ್ಳಿಯ ಉಪಾಧ್ಯಾಯನಿಗೆ ಕಳುಹಿಸಿದ್ದಾರೆ. ಅವನು ಏನು ಹೇಳುವನೋ, ಆ ಹುಡುಗಿಯ ಅಜ್ಜಿ ಏನು ಹೇಳುವರೋ, ಇಬ್ಬರೂ ಕಾಯುತ್ತಿದ್ದೇವೆ.