ಕಾಡುಕಿನ್ನರನ ಬೆಲೆ ಕಟ್ಟುವುದು ಹೇಗೆ?

ನಿವೃತ್ತಿಯ ನಂತರ ನಾನು ಹೊಸದಾಗಿ ಕಲಿತ ವಿದ್ಯೆಗಳು ಎರಡು. ಒಂದು, ಗಣಕಯಂತ್ರದಲ್ಲಿ ಕನ್ನಡವನ್ನು ಬೆರಳಚ್ಚಿಸುವುದು. ಇನ್ನೊಂದು, ಕಳೆದ ಬೇಸಿಗೆಯ ರಜೆಗೆ ಊರಿಗೆ ಬಂದಿದ್ದ ಮೊಮ್ಮಗನಿಂದ ಕಲಿತ ಕಾರ್ಡಿನಾಟ. "ಹುಡುಗರ ಚೀಲದಿಂದ ಇಸ್ಪೀಟು ಕಸಿದುಕೊಳ್ಳುತ್ತಿದ್ದ ಮೇಷ್ಟ್ರು ಈಗ ತಾವೇ ಎಲೆ ಹಿಡಿದು ಕೂತಿದ್ದಾರೆ" ಎಂದು ನನ್ನಾಕೆ ಬಂದವರಿಗೆಲ್ಲ ಹೇಳಿ ನಗಿಸಿದ್ದುಂಟು. ನನ್ನ ಕೈಗೆ ಸಿಕ್ಕಿಬಿದ್ದಿದ್ದ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅವರೂ ಧಾರಾಳವಾಗಿ ನಗಬಹುದು.

ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಕಾಲೇಜಿನಲ್ಲಿ ಗಣಿತ ಕಲಿಸಿದವರು. ಗಣಿತದ ಮೇಷ್ಟರೊಬ್ಬರು ಕಟ್ಟಿದ ಆಟವೆಂದ ಮೇಲೆ ಇನ್ನೊಬ್ಬ ಗಣಿತದ ಮೇಷ್ಟರಿಗೆ ಸಂಕೋಚವೇಕೆ?

ಆಟವನ್ನು ಅರಿಯದವರಿಗಾಗಿ ನಾಲ್ಕು ಮಾತು. ಇಬ್ಬರು ಮಾಂತ್ರಿಕರ ನಡುವಿನ ಕಾಳಗವಿದು. ತಲಾ 20 ಅಂಕಗಳ ಜೀವ. ಎದುರಾಳಿಯ ಜೀವವನ್ನು ಸೊನ್ನೆಗಿಳಿಸಿದವನು ಗೆದ್ದ. ಕನಿಷ್ಠ 60 ಕಾರ್ಡುಗಳ ಕಟ್ಟನ್ನು ಆಟಗಾರನೇ ಆರಿಸಿ ಸಿದ್ಧಪಡಿಸಿಕೊಳ್ಳುತ್ತಾನೆ. ಮೂಲ ಭೂಮಿಗಳ ಹೊರತು ಯಾವ ಕಾರ್ಡಿನ ಪ್ರತಿಯೂ ನಾಲ್ಕನ್ನು ಮೀರುವಂತಿಲ್ಲ. ಆರಂಭದಲ್ಲಿ ಕೈಗೆ ಏಳು ಕಾರ್ಡು. ಸರದಿಗೊಂದರಂತೆ ಭೂಮಿಯ ಕಾರ್ಡನ್ನು ಹಾಸಬಹುದು. ಪ್ರತಿ ಭೂಮಿಯೂ ಸರದಿಗೊಮ್ಮೆ ಒಂದು 'ಮಾನಾ', ಅಂದರೆ ಒಂದು ಪಾಲು ಮಂತ್ರಶಕ್ತಿಯನ್ನು ಕೊಡುತ್ತದೆ. ಆ ಶಕ್ತಿಯನ್ನು ವ್ಯಯಿಸಿ ಜೀವಿಗಳನ್ನು ಕರೆಸಬೇಕು. ಪ್ರತಿ ಜೀವಿಗೂ ಎರಡು ಅಂಕಿಗಳು: ಮೊದಲನೆಯದು ಹೊಡೆಯುವ ಬಲ, ಎರಡನೆಯದು ತಾಳಿಕೊಳ್ಳುವ ಬಲ.

ಮೊಮ್ಮಗ ನನಗೆಂದು ಕೊಟ್ಟ ಹಸಿರು ಕಟ್ಟಿನಲ್ಲಿ 'ಲಾನೋವರ್ ಎಲ್ವ್ಸ್' ಎಂಬ ಕಾರ್ಡಿನ ನಾಲ್ಕು ಪ್ರತಿಗಳಿದ್ದವು. ನಮ್ಮ ಮಾತಿನಲ್ಲಿ ಕಾಡುಕಿನ್ನರರು ಎನ್ನೋಣ. ಕರೆಸಲು ಒಂದೇ ಮಾನಾ. ಬಲ ಒಂದು, ತಾಳಿಕೆ ಒಂದು. ಹೊಡೆಯುವ ಬದಲು ಸರದಿಗೊಮ್ಮೆ ಒಂದು ಹಸಿರು ಮಾನಾವನ್ನು ಕೊಡಬಲ್ಲುದು. ಇಷ್ಟೇ ಅದರ ವಿಶೇಷ. ಅದೇ ಕಟ್ಟಿನಲ್ಲಿ 'ಕ್ರಾ ವರ್ಮ್' ಎಂಬ ದೈತ್ಯ ಹುಳುವೂ ಇತ್ತು: ಆರು ಮಾನಾ, ಬಲ ಆರು, ತಾಳಿಕೆ ನಾಲ್ಕು. ಮೇಷ್ಟರ ಬುದ್ಧಿ ನೋಡಿ, ಅಂಕಿ ಕಂಡೊಡನೆ ದರ್ಜೆ ಹಾಕಿತು. ಕಿನ್ನರರನ್ನು ತೆಗೆದು ಬದಿಗಿಟ್ಟೆ. ಆ ಜಾಗಕ್ಕೆ ಇನ್ನಷ್ಟು ದೊಡ್ಡ ಜೀವಿಗಳನ್ನು ತುಂಬಿದೆ. "ಅಜ್ಜ, ಅದನ್ನ ತೆಗೀಬೇಡ" ಎಂದ ಹುಡುಗ. ನಾನು ಕೇಳಲಿಲ್ಲ.

ಮೂರು ಆಟಗಳನ್ನು ಒಂದೇ ಮಧ್ಯಾಹ್ನ ಸೋತೆ. ಅವನು ಮೊದಲ ಸರದಿಯಲ್ಲಿಯೇ 'ಸವಾನಾ ಲಯನ್ಸ್' ಎಂಬ ಸಿಂಹವನ್ನಿಳಿಸುತ್ತಿದ್ದ. ಒಂದು ಮಾನಾಕ್ಕೆ ಬಲ ಎರಡು, ತಾಳಿಕೆ ಒಂದು. ತಡೆಯುವವರಿಲ್ಲದಿದ್ದರೆ ಅದು ಎರಡನೆಯ ಸರದಿಯಿಂದ ಐದನೆಯದರವರೆಗೆ ಎಂಟು ಅಂಕಗಳ ಜೀವವನ್ನು ಕಸಿಯುತ್ತದೆ. ಜೊತೆಗೆ ಇನ್ನೊಂದೆರಡು ಜೀವಿಗಳು ಸೇರಿದರೆ ಹೇಳುವುದೇ ಬೇಡ. ಆ ಹೊತ್ತಿನಲ್ಲಿ ನನ್ನ ದೈತ್ಯರೆಲ್ಲ ನನ್ನ ಕೈಯಲ್ಲೇ ಭದ್ರವಾಗಿದ್ದರು. ಆರನೆಯ ಭೂಮಿ ಬರುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು.

ಆ ರಾತ್ರಿ ಲೆಕ್ಕ ಬರೆದು ನೋಡಿದೆ. ಸರದಿಗೊಂದು ಭೂಮಿ ತಪ್ಪದೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಕಿನ್ನರನಿಲ್ಲದೆ ಮೊದಲ ನಾಲ್ಕು ಸರದಿಗಳಲ್ಲಿ ದೊರೆಯುವ ಶಕ್ತಿ ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ಮೊದಲ ಸರದಿಯ ಒಂದನ್ನು ಕಿನ್ನರನಿಗೆ ವ್ಯಯಿಸಿದರೆ, ಬಂದ ಸರದಿಯಲ್ಲಿ ಅವನು ದುಡಿಯುವಂತಿಲ್ಲ; ಮುಂದಿನದರಿಂದ ದೊರೆಯುವುದು ಮೂರು, ನಾಲ್ಕು, ಐದು. ಒಟ್ಟು ಹನ್ನೆರಡು. ಎರಡನೆಯ ಸರದಿಗೇ ಅಸಲು ಹಿಂದಿರುಗಿತು, ಆಮೇಲಿನದೆಲ್ಲ ಲಾಭ. ಅದಕ್ಕಿಂತಲೂ ಮುಖ್ಯವಾದದ್ದು, ಮೂರು ಮಾನಾದ ಜೀವಿ ಎರಡನೆಯ ಸರದಿಯಲ್ಲಿ ಕಣಕ್ಕಿಳಿಯುತ್ತದೆ. ಬಲ ಮೂರು, ತಾಳಿಕೆ ಮೂರು ಇರುವ ಜೀವಿಯೊಂದು ಅಷ್ಟು ಬೇಗ ಎದುರು ನಿಂತರೆ ಸಿಂಹ ಮುಂದೆ ಬರಲು ಹಿಂಜರಿಯಲೇಬೇಕು. ಇಬ್ಬರು ಕಿನ್ನರರು ಬೇಗ ಬಂದರೆ ನನ್ನ ಪ್ರೀತಿಯ ದೈತ್ಯ ಹುಳುವೂ ಆರನೆಯದರ ಬದಲು ನಾಲ್ಕನೆಯ ಸರದಿಗೆ ಬಂದುಬಿಡುತ್ತದೆ.

ಹಾಗೆಂದು ಈ ಕಾರ್ಡನ್ನು ನೆತ್ತಿಯ ಮೇಲೆ ಹೊತ್ತು ಮೆರೆಯುವವರ ಪಕ್ಷವೂ ನನ್ನದಲ್ಲ. ನಾಲ್ಕು ಪ್ರತಿಗಳಿದ್ದರೂ ಮೊದಲ ಏಳು ಕಾರ್ಡುಗಳಲ್ಲಿ ಒಂದಾದರೂ ಸಿಗುವ ಸಂಭಾವ್ಯತೆ ಶೇಕಡಾ 40ರಷ್ಟು ಮಾತ್ರ. ಉಳಿದ ಆಟಗಳಲ್ಲಿ ಅದು ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಎಂಟನೆಯ ಸರದಿಯಲ್ಲಿ, ಕೈ ಬರಿದಾಗಿ, ಭೂಮಿಗಳೆಲ್ಲ ಕೆಲಸವಿಲ್ಲದೆ ಬಿದ್ದಿರುವಾಗ ಬರುವ ಕಿನ್ನರನನ್ನು ಕಂಡರೆ ಅಳು ಬರುತ್ತದೆ. ಮಳೆಗಾಲ ಮುಗಿದ ಮೇಲೆ ಕೈಗೆ ಬಂದ ಬಿತ್ತನೆಯ ಬೀಜದಂತೆ. ಕೇವಲ ಅಗ್ಗವೆಂಬ ಕಾರಣಕ್ಕೆ, ಆ ಶಕ್ತಿಯನ್ನು ಬಳಸುವ ದೊಡ್ಡ ಜೀವಿಗಳೇ ಇಲ್ಲದ ಕಟ್ಟಿಗೆ ಅವನನ್ನು ಸೇರಿಸುವುದೂ ಅವಿವೇಕ.

ಇನ್ನೊಂದು ಅವಿವೇಕವನ್ನು ನಾನೇ ಮಾಡಿದೆ. ಲೆಕ್ಕದ ಉತ್ಸಾಹದಲ್ಲಿ ಮರುದಿನ, ಒಂದೇ ಭೂಮಿಯಿದ್ದ ಕೈಯನ್ನು 'ಕಿನ್ನರನಿದ್ದಾನಲ್ಲ' ಎಂಬ ಧೈರ್ಯದಿಂದ ಉಳಿಸಿಕೊಂಡೆ. ಹುಡುಗ ತನ್ನ ಮೊದಲ ಸರದಿಯಲ್ಲಿಯೇ 'ಲೈಟ್ನಿಂಗ್ ಬೋಲ್ಟ್' ಎಂಬ ಸಿಡಿಲಿನಿಂದ ಅವನನ್ನು ಸುಟ್ಟ. ಒಂದು ಮಾನಾಕ್ಕೆ ಮೂರು ಅಂಕಗಳ ಪೆಟ್ಟು ಕೊಡುವ ಕಾರ್ಡದು. "ಇಷ್ಟು ಚಿಕ್ಕವನಿಗೆ ಇಷ್ಟು ದೊಡ್ಡ ಸಿಡಿಲೇ?" ಎಂದು ಕೇಳಿದೆ. ಆಗ ಅವನು, ಆಟಗಾರರಲ್ಲಿ 'ಬೋಲ್ಟ್ ದಿ ಬರ್ಡ್' ಎಂಬ ನಾಣ್ಣುಡಿಯೇ ಇದೆ ಎಂದ. ಕಿನ್ನರನಂತೆಯೇ ಮಾನಾ ಕೊಡುವ 'ಬರ್ಡ್ಸ್ ಆಫ್ ಪ್ಯಾರಡೈಸ್' ಎಂಬ ಹಕ್ಕಿಯನ್ನು ಕಂಡೊಡನೆ ಹೊಡೆ, ಬೆಳೆಯಲು ಬಿಡಬೇಡ ಎಂದು ಅದರ ತಾತ್ಪರ್ಯ. ನನಗೆ ಇದು ಒಳ್ಳೆಯ ಪಾಠವೆನಿಸಿತು. ಚಿಕ್ಕ ಜೀವಿಯ ನಿಜವಾದ ಬೆಲೆ ಅದರ ಒಡೆಯನಿಗಿಂತ ಮೊದಲು ಎದುರಾಳಿಗೆ ತಿಳಿದಿರುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಆರಂಭದ ಸರದಿಗಳಿಗೆಂದೇ ಇರುವ ಅಗ್ಗದ ಜೀವಿಯನ್ನು ಅದರ ಮೇಲಿನ ಎರಡು ಅಂಕಿಗಳಿಂದ ಅಳೆಯಬಾರದು. ಅದು ಯಾವಾಗ ಬರುತ್ತದೆ, ಅದು ಬಂದುದರಿಂದ ಮುಂದಿನ ಸರದಿಯಲ್ಲಿ ಬೇರೆ ಯಾರು ಬರಬಲ್ಲರು, ಅದು ಸತ್ತರೆ ನಾನು ನಿಲ್ಲಬಲ್ಲೆನೇ, ಈ ಮೂರನ್ನು ಕೇಳಬೇಕು. ಸಿಂಹವನ್ನು ಅದು ತಾನೇ ಹೊಡೆದ ಪೆಟ್ಟಿನಿಂದ ಅಳೆಯಬಹುದು. ಕಿನ್ನರನ ಗಳಿಕೆಯೆಲ್ಲ ಇತರರ ಖಾತೆಗೆ ಜಮೆಯಾಗುವುದರಿಂದ ಅವನ ಹೆಸರಿನ ಪುಟ ಯಾವಾಗಲೂ ಖಾಲಿ. 1993ರ ಮೊದಲ ಮುದ್ರಣದಲ್ಲಿದ್ದ ಈ ಕಾರ್ಡು 2018ರ 'ಡೊಮಿನೇರಿಯಾ'ದಲ್ಲಿಯೂ 2024ರ 'ಫೌಂಡೇಷನ್ಸ್'ನಲ್ಲಿಯೂ ಅದೇ ಒಂದು ಮಾನಾಕ್ಕೆ, ಅದೇ ಬಲದಿಂದ ಮರಳಿ ಬಂದಿದೆ. ಬಲ್ಲವರು ಅವನನ್ನು ಮರೆತಿಲ್ಲ.

ಇಷ್ಟನ್ನು ಬರೆಯುವಾಗ ಒಬ್ಬ ಹುಡುಗನ ನೆನಪು ಬಿಡದೆ ಕಾಡಿತು. ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯವರಿಗೆ ಸಂಜೆ ವಿಶೇಷ ಪಾಠ ಮಾಡುತ್ತಿದ್ದೆ. ನಲವತ್ತು ಅಂಕವನ್ನು ದಾಟದ ಹುಡುಗನೊಬ್ಬ ಮುಂದಿನ ಬೆಂಚಿನಲ್ಲಿ ಕುಳಿತು ಪ್ರತಿ ಲೆಕ್ಕಕ್ಕೂ "ಸಾರ್, ಇನ್ನೊಂದ್ಸಲ" ಎನ್ನುತ್ತಿದ್ದ. ಪ್ರಥಮ ದರ್ಜೆಯ ಹುಡುಗರ ಸಮಯ ಹಾಳಾಗುವುದೆಂದು ಅವನನ್ನು ಆ ತರಗತಿಯಿಂದ ಬಿಡಿಸಿದೆ. ಆಮೇಲೆ ಪಾಠ ಸರಾಗವಾಗಿ ಸಾಗಿತು. ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮೌನವನ್ನು ನಾನು ಅರಿವೆಂದು ಭಾವಿಸಿದೆ. ಪರೀಕ್ಷೆಯ ಉತ್ತರಪತ್ರಿಕೆಗಳು ಬಂದಾಗ ತಿಳಿಯಿತು, ಜಾಣರೆನಿಸಿಕೊಂಡವರು ನಾಚಿಕೆಯಿಂದ ಕೇಳದೆ ಉಳಿಸಿಕೊಂಡಿದ್ದ ಸಂದೇಹಗಳನ್ನೆಲ್ಲ ಅವನೊಬ್ಬನೇ ಕೇಳುತ್ತಿದ್ದ. ಅವನ ನಲವತ್ತು ಅಂಕಗಳು ನನಗೆ ಕಂಡಿದ್ದವು. ಅವನಿಂದ ಪಕ್ಕದವರಿಗೆ ಬಂದ ಅಂಕಗಳನ್ನು ನಾನು ಎಂದೂ ಕೂಡಿರಲಿಲ್ಲ.

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾರೆ. ಬದಿಗಿಟ್ಟ ಕಾರ್ಡು ಪೆಟ್ಟಿಗೆಯಲ್ಲಿ ಸುಮ್ಮನಿರುತ್ತದೆ. ತಪ್ಪು ತಿಳಿದ ಮರುದಿನವೇ ಅದನ್ನು ಮತ್ತೆ ಕಟ್ಟಿಗೆ ಸೇರಿಸಬಹುದು. ಹುಡುಗನನ್ನು ನಾನು ಮತ್ತೆ ಕರೆಯಲಿಲ್ಲ. ಕರೆಯಬೇಕಾಗಿತ್ತು. ಅವನ ಸಹಪಾಠಿಗಳಲ್ಲಿ ಕೆಲವರು ಇದನ್ನು ಓದುವವರೇ. ಯಾರೆಂದು ಅವರಿಗೆ ಹೊಳೆದಿರಬಹುದು. ಅವನು ಎಲ್ಲಿದ್ದಾನೆಂದು ಗೊತ್ತಿದ್ದರೆ, ಮೇಷ್ಟ್ರು ಕೇಳಿದರೆಂದು ಹೇಳಿ.

ಮೊಮ್ಮಗ ಹೊರಡುವಾಗ ಹಸಿರು ಕಟ್ಟನ್ನು ನನ್ನಲ್ಲಿಯೇ ಬಿಟ್ಟುಹೋಗಿದ್ದಾನೆ. ಅದರಲ್ಲೀಗ ನಾಲ್ಕು ಕಿನ್ನರರಿದ್ದಾರೆ, ಎರಡು ದೈತ್ಯ ಹುಳುಗಳಿವೆ. ಬರುವ ಬೇಸಿಗೆಗೆ ನೋಡೋಣ.