ಬೀಜದ ಗುಣವೆಷ್ಟು, ನೆಲದ ಪಾಲೆಷ್ಟು?

ಮುಂಗಾರು ಹತ್ತಿರವಾದಂತೆ ಕೊಗನೊಳ್ಳಿ, ನಿಪ್ಪಾಣಿ, ಚಿಕ್ಕೋಡಿಗಳ ರೈತನು ಕೇಳುವ ಮಾತು ಒಂದೇ: "ಹೋದ ವರ್ಷ ಸೋಯಾಬೀನ್ ಇಳುವರಿ ಬರಲಿಲ್ಲವೇ? ಬೀಜ ಬದಲಿಸಿರಿ." ಎಕರೆಗೆ 25ರಿಂದ 30 ಕಿಲೋ ಬೀಜ ಬೇಕು. ರೈತನು ಉದ್ರಿ ಬರೆಸಿ ಹೊಸ ಚೀಲ ಹೊತ್ತು ತರುತ್ತಾನೆ. ಹೊಸ ಬೀಜವೂ ಕೈಕೊಟ್ಟರೆ "ನಿನ್ನ ಒಕ್ಕಲುತನವೇ ಸರಿಯಿಲ್ಲ" ಎಂಬ ಉಪದೇಶ ಸಿದ್ಧವಾಗಿರುತ್ತದೆ. ತಪ್ಪು ಒಮ್ಮೆ ಬೀಜದ್ದು, ಒಮ್ಮೆ ರೈತನದು. ನೆಲ, ನೀರು, ಸಾಲ ಇವುಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಹಾಗಾದರೆ ಇಳುವರಿಯಲ್ಲಿ ಬೀಜದ ಪಾಲೆಷ್ಟು, ನೆಲದ ಪಾಲೆಷ್ಟು? ಈ ಪ್ರಶ್ನೆಯನ್ನು ವಿಜ್ಞಾನಿಗಳಿಗೆ ಮಾತ್ರ ಬಿಟ್ಟುಕೊಡುವುದು ಸರಿಯಲ್ಲ. ಇದರ ಉತ್ತರದ ಮೇಲೆ ಬಡ ರೈತನ ಗಂಟಿನ ದುಡ್ಡು ನಿಂತಿದೆ.

ಈ ವಿಜ್ಞಾನ ಹುಟ್ಟಿದ್ದೇ ಕಾಳಿನ ಬೆಳೆಗಳಿಂದ. ಮೆಂಡೆಲ್ 1865ರಲ್ಲಿ ವಂಶಗುಣದ ನಿಯಮಗಳನ್ನು ಜನರ ಮುಂದಿಟ್ಟದ್ದು ಬಟಾಣಿಯ ಗಿಡಗಳನ್ನು ಬೆಳೆಸಿ ನೋಡಿ. ಡೆನ್ಮಾರ್ಕಿನ ಯೋಹಾನ್ಸನ್ 1903ರಲ್ಲಿ ಬೀನ್ಸ್ ಕಾಳುಗಳ ಮೇಲೆ ತಾನು ನಡೆಸಿದ ಪ್ರಯೋಗವನ್ನು ಪ್ರಕಟಿಸಿದ. ಹಲವು ವಂಶಗಳ ಕಾಳು ಬೆರೆತ ರಾಶಿಯಿಂದ ದಪ್ಪ ಕಾಳು ಆರಿಸಿ ಬಿತ್ತಿದಾಗ ಮುಂದಿನ ಪೀಳಿಗೆಯ ಕಾಳೂ ಸರಾಸರಿಯಲ್ಲಿ ದಪ್ಪವಾಯಿತು. ಆದರೆ ಒಂದೇ ಗಿಡದ ಶುದ್ಧ ವಂಶದೊಳಗೆ ದಪ್ಪ ಕಾಳನ್ನೂ ಸಣ್ಣ ಕಾಳನ್ನೂ ಬೇರೆ ಬೇರೆ ಬಿತ್ತಿದರೆ ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಒಂದು ಕಾಳು ದಪ್ಪವಾದದ್ದು, ಇನ್ನೊಂದು ಸೊರಗಿದ್ದು ಗಿಡ ನಿಂತ ಜಾಗದಿಂದ, ಸಿಕ್ಕ ಸಾರದಿಂದ. ಹುಟ್ಟಿನಿಂದಲ್ಲ.

ಇದರಲ್ಲಿ ನಮ್ಮ ರೈತನಿಗೆ ಎರಡು ಪಾಠಗಳಿವೆ. ಮೊದಲನೆಯದು: ವೈವಿಧ್ಯವಿಲ್ಲದ ಕಡೆ ಆಯ್ಕೆಗೆ ಅರ್ಥವಿಲ್ಲ. ಎರಡನೆಯದು: ಕಣ್ಣಿಗೆ ಕಾಣುವ ಹೆಚ್ಚು-ಕಡಿಮೆಯೆಲ್ಲ ವಂಶದ ಗುಣವಲ್ಲ.

ವಿಜ್ಞಾನಿಗಳು ಅನುವಂಶಿಕತೆ ಎಂದು ಹೇಳುವ ಅಳತೆ ಇದೇ. ಒಂದು ಹೊಲದಲ್ಲಿ ಬೆಳೆದ ಹಲವು ತಳಿಗಳ ನಡುವೆ ಕಾಣುವ ವ್ಯತ್ಯಾಸವನ್ನು 100 ಪಾಲು ಎಂದುಕೊಂಡರೆ, ಅದರಲ್ಲಿ ಎಷ್ಟು ಪಾಲು ವಂಶದಿಂದ ಬಂದದ್ದು ಎಂಬ ಲೆಕ್ಕ. ಕಾಳಿನ ಬೆಳೆಗಳಲ್ಲಿ 100 ಕಾಳಿನ ತೂಕ, ಹೂ ಬಿಡುವ ದಿನ ಇವುಗಳಲ್ಲಿ ಈ ಪಾಲು ಸಾಮಾನ್ಯವಾಗಿ ದೊಡ್ಡದು. ಆದರೆ ರೈತನ ಹೊಟ್ಟೆ ತುಂಬಿಸುವ ಒಟ್ಟು ಇಳುವರಿ ಮಳೆ, ಮಣ್ಣು, ಗೊಬ್ಬರ, ರೋಗ ಎಲ್ಲದರ ಹಿಡಿತಕ್ಕೂ ಸಿಗುವ ಗುಣ. ಮೇಲಾಗಿ ಒಂದು ಹೊಲದಲ್ಲಿ ಬಂದ ಅಂಕಿ ಆ ಹೊಲಕ್ಕೆ, ಆ ವರ್ಷಕ್ಕೆ, ಅಲ್ಲಿ ಬಿತ್ತಿದ ತಳಿಗಳಿಗೆ ಮಾತ್ರ ಸೇರಿದ್ದು. ಅದನ್ನು ಹೊತ್ತು ತಂದು ಎಲ್ಲ ಹೊಲಗಳ ಮೇಲೆ ಹೇರಲಾಗದು.

ಒಂದೇ ಚೀಲದ ಶುದ್ಧ ಬೀಜವನ್ನು ಅರ್ಧ ದೂಧಗಂಗೆಯ ದಂಡೆಯ ಎರೆಯಲ್ಲಿ, ಅರ್ಧ ಮಳೆಯನ್ನೇ ನಂಬಿದ ಮಡ್ಡಿಯಲ್ಲಿ ಬಿತ್ತಿರಿ. ರಾಶಿ ಮಾಡಿದಾಗ ಎರಡು ಕಣಗಳ ನಡುವಿನ ಅಂತರಕ್ಕೆ ಬೀಜ ಕಾರಣವಲ್ಲ, ನೆಲ-ನೀರೇ ಕಾರಣ. ಆದರೂ ಎರೆಯವನು ಜಾಣ, ಮಡ್ಡಿಯವನು ದಡ್ಡ ಎಂದು ಊರು ಮಾತಾಡುತ್ತದೆ. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ನಡೆದುಬಂದಿದೆ. ಅಕ್ಷರ, ಅನ್ನ, ಭೂಮಿ ಮೂರನ್ನೂ ಕಿತ್ತುಕೊಂಡು ಬಡತನವನ್ನು ಹುಟ್ಟಿನ ಗುಣವೆಂದು ಹೇಳಿದವರ ತರ್ಕವೂ ಇದೇ ತರ್ಕ. ಸಮಾಜವಾದಿಗಳಾದ ನಾವು ಇದನ್ನು ಹೊಲದಲ್ಲಿಯೂ ಒಪ್ಪಬಾರದು, ಊರಿನಲ್ಲಿಯೂ ಒಪ್ಪಬಾರದು.

ಹಾಗೆಂದು ಬೀಜದ ಗುಣ ಲೆಕ್ಕಕ್ಕಿಲ್ಲ ಎಂದು ಹೇಳಿದರೆ ಅದೂ ತಪ್ಪಾದೀತು. ತುಕ್ಕು ರೋಗದ ಕಥೆ ನಮ್ಮ ಕಣ್ಮುಂದೆಯೇ ಇದೆ. ಮಧ್ಯಪ್ರದೇಶದಿಂದ ಬಂದ ಜೆ.ಎಸ್. 335 ಎಂಬ ಸೋಯಾಬೀನ್ ತಳಿ ಒಳ್ಳೆಯ ಇಳುವರಿ ಕೊಟ್ಟಿತು. ನೋಡನೋಡುತ್ತ ಎಲ್ಲೆಲ್ಲೂ ಅದೊಂದೇ ಹಬ್ಬಿತು. ಆದರೆ ತುಕ್ಕು ರೋಗವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಕೃಷ್ಣಾ ತೀರದ ತಂಪು ಹವೆಯಲ್ಲಿ ಆ ರೋಗ ಮರಳಿ ಮರಳಿ ಬಂತು. ಒಂದೇ ತಳಿ ಬಿತ್ತಿದ ಸೀಮೆಯಲ್ಲಿ ಒಬ್ಬನ ಹೊಲಕ್ಕೆ ಹತ್ತಿದ ರೋಗ ಎಲ್ಲರ ಹೊಲಕ್ಕೂ ಹತ್ತುತ್ತದೆ.

ಆಗ ಕೈ ಹಿಡಿದದ್ದು ಯಾವುದು? ಹೊರದೇಶದಿಂದ ತಂದು ಸರಕಾರಿ ಸಂಗ್ರಹದಲ್ಲಿ ಕಾಪಾಡಿಟ್ಟಿದ್ದ, ಮಾರುಕಟ್ಟೆಯಲ್ಲಿ ಹೆಸರೇ ಇರದ ಬೀಜ. ರೋಗ ತೀವ್ರವಾಗಿ ಬರುವ ನಮ್ಮ ಕಾಗವಾಡ ತಾಲೂಕಿನ ಉಗಾರ ಖುರ್ದದಂಥ ಕಡೆಗಳಲ್ಲಿ ತಳಿಗಳನ್ನು ಬಿತ್ತಿ ಪರೀಕ್ಷಿಸಲಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಜೆ.ಎಸ್. 335ಕ್ಕೆ ಅಂಥ ರೋಗನಿರೋಧಕ ತಳಿಯೊಂದನ್ನು ಕೂಡಿಸಿ ಡಿ.ಎಸ್.ಬಿ. 21 ಎಂಬ ತಳಿಯನ್ನು ರೈತರಿಗೆ ಕೊಟ್ಟರು. ಗಡಿಯಾಚೆ ಸಾಂಗಲಿಯ ಬಳಿಯ ಕಸಬೆ ಡಿಗ್ರಜದ ಸಂಶೋಧನಾ ಕೇಂದ್ರದ ಫುಲೆ ತಳಿಗಳೂ ನಮ್ಮ ಹೊಲಗಳಿಗೆ ಬಂದಿವೆ. ಇದೆಲ್ಲ ಸಾರ್ವಜನಿಕ ಹಣದಿಂದ, ಸಾರ್ವಜನಿಕ ಸಂಸ್ಥೆಗಳಿಂದ ಆದ ಕೆಲಸ. ಕೂಡಲೇ ಲಾಭ ಕಾಣದ ಬೀಜವನ್ನು ವರ್ಷಗಟ್ಟಲೆ ಕಾಪಾಡುವ ಹೊಣೆಯನ್ನು ವ್ಯಾಪಾರಿಯಿಂದ ನಿರೀಕ್ಷಿಸಲಾಗದು.

ಸೋಯಾಬೀನ್ ತನ್ನ ಹೂವಿನಲ್ಲೇ ಪರಾಗ ಕೂಡಿಸಿಕೊಳ್ಳುವ ಬೆಳೆ. ಆದ್ದರಿಂದ ಮನೆಯ ಬೀಜದಲ್ಲಿಯೂ ತಳಿಯ ಗುಣ ಉಳಿಯುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಮರಳಿ ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಹೆಸರು ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಈ ಕಾಳಿನ ಸಿಪ್ಪೆ ತೆಳು. ಮಶೀನಿನ ಪೆಟ್ಟು, ಗೋದಾಮಿನ ತೇವ ತಾಳಲಾರದು. 100 ಕಾಳುಗಳನ್ನು ತೊಯ್ದ ಗೋಣಿತಟ್ಟಿನಲ್ಲಿಟ್ಟು 70 ಮೊಳೆತರೆ ಬಿತ್ತಬಹುದು. ಮೂರು ವರ್ಷಕ್ಕೊಮ್ಮೆ ಹೊಸ ಶುದ್ಧ ಬೀಜ ತರುವುದೂ ಯೋಗ್ಯವೇ. ಪ್ರತಿ ವರ್ಷ ಸಾಲ ಮಾಡಿ ಕೊಳ್ಳುವ ಕಾರಣವಿಲ್ಲ.

ಆದುದರಿಂದ ನಮ್ಮ ಒತ್ತಾಯಗಳು ಇವು. ತಳಿ ಪರೀಕ್ಷೆಗಳು ಕೇಂದ್ರದ ಒಳ್ಳೆಯ ಹೊಲಗಳಿಗೆ ಸೀಮಿತವಾಗದೆ ಕೊಗನೊಳ್ಳಿಯಂಥ ಊರುಗಳ ಮಡ್ಡಿಯಲ್ಲಿಯೂ, ಸಣ್ಣ ಹಿಡುವಳಿದಾರನ ಕೈಯಿಂದಲೇ ನಡೆಯಬೇಕು. ಫಲಿತಾಂಶ ಕನ್ನಡ, ಮರಾಠಿ ಎರಡರಲ್ಲೂ ಊರ ಚಾವಡಿಯಲ್ಲಿ ಹಚ್ಚಬೇಕು. ಪ್ರತಿ ಸಹಕಾರಿ ಸಂಘವೂ ಬೀಜ ಒಣಗಿಸುವ, ಕೂಡಿಡುವ, ಮೊಳಕೆ ನೋಡುವ ವ್ಯವಸ್ಥೆ ಹೊಂದಬೇಕು. ಒಂದೇ ತಳಿಯನ್ನು ಊರಿಗೆಲ್ಲ ಹಂಚದೆ ಎರಡು-ಮೂರನ್ನು ಹಂಚಬೇಕು. ಹಳೆಯ ಹೆಸರು, ಮಡಿಕೆ, ಅಲಸಂದಿ, ತೊಗರಿಯ ಬೀಜಗಳನ್ನು ನಮ್ಮ ತಾಯಂದಿರು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿ ಕಾಪಾಡಿದ್ದಾರೆ. ಅವು ಯಾರದೋ ಖಾಸಗಿ ಆಸ್ತಿಯಾಗುವ ಮುನ್ನ ಆ ಮನೆಗಳ ಹೆಸರಿನಲ್ಲಿಯೇ ದಾಖಲಾಗಬೇಕು.

1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು ಪೋಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಬೆಳೆದದ್ದರ ಬೆಲೆಗೆ ಹೋರಾಡಿದ ಸೀಮೆಯಿದು. ಬಿತ್ತುವುದರ ಹಕ್ಕಿಗಾಗಿಯೂ ಈ ಸೀಮೆ ಈಗ ಸಂಘಟಿತವಾಗಬೇಕು. ಈ ಮುಂಗಾರಿಗೆ ಬೀಜದ ಅಂಗಡಿಗೆ ಹೋಗುವ ಮೊದಲು ರೈತ ಬಾಂಧವರು ತಮ್ಮ ಸಂಘದ ಸಭೆ ಕರೆಯಲಿ. ಮನೆಯ ಬೀಜದ 100 ಕಾಳನ್ನು ಅಲ್ಲಿಯೇ ಎಣಿಸಿ ತೊಯಿಸಿಡಲಿ.