ಸಿಪ್ಪೆಯ ದಪ್ಪಕ್ಕೆ ಮರುಳಾಗುವುದೇ?

ಕಳೆದ ವಾರ ಚಳ್ಳಕೆರೆಯಲ್ಲಿ ಹಳೆಯ ಶಿಷ್ಯನೊಬ್ಬ ಕೊಳವೆಬಾವಿಗೆಂದು ಕೊಂಡ ಹೊಸ ಕೇಬಲ್ಲಿನ ಸುರುಳಿ ತೋರಿಸಿ, "ನೋಡಿ ಸಾರ್, ಎಷ್ಟು ದಪ್ಪ ಇದೆ!" ಎಂದು ಹೆಮ್ಮೆಪಟ್ಟ. ತುದಿಯನ್ನು ಸುಲಿದು ನೋಡಿದೆ. ಹೊದಿಕೆಯೇನೋ ದಪ್ಪ, ಒಳಗಿನ ತಾಮ್ರ ಒಂದೂವರೆ ಚದರ ಮಿಲಿಮೀಟರು ಮಾತ್ರ. ಶೇಂಗಾ ಬೆಳೆಯುವ ನಾಡಿನವನು! ಸಿಪ್ಪೆ ದಪ್ಪವೆಂದು ಶೇಂಗಾಕ್ಕೆ ಹೆಚ್ಚು ಬೆಲೆ ಕೊಡುವ ಎಣ್ಣೆ ಗಿರಣಿಯವರು ನಮ್ಮೂರಿನಲ್ಲಿ ಒಬ್ಬರಾದರೂ ಉಂಟೇ?

"ದಪ್ಪ ವೈರು ಬಾಳಿಕೆ ಬರುತ್ತದೆ" ಎಂಬ ಅಂಗಡಿಯ ವೇದವಾಕ್ಯವನ್ನು ನಾನು ಒಪ್ಪಲಾರೆ. ಹೊದಿಕೆಯ ಕೆಲಸ ವೋಲ್ಟೇಜನ್ನು ತಡೆಯುವುದು. ಕರೆಂಟನ್ನು ಹೊರುವುದು ತಾಮ್ರ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಸುಮಾರು 7.5 ಆಂಪಿಯರ್ ಎಳೆಯುತ್ತದೆ. 600 ಅಡಿ ಆಳಕ್ಕೆ ಒಂದೂವರೆಯ ಕೇಬಲ್ ಇಳಿಬಿಟ್ಟರೆ ಸುಮಾರು 400 ವ್ಯಾಟ್ ಕೇಬಲ್ಲಿನಲ್ಲಿಯೇ ಶಾಖವಾಗಿ ಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ 150 ವ್ಯಾಟ್. ಮೋಟಾರಿಗೆ ತಲಪುವಾಗ 25 ವೋಲ್ಟಿನಷ್ಟು ಸೋರಿರುತ್ತದೆ. ಮೊದಲೇ ಬಡಕಲಾದ ಲೈನಿನಲ್ಲಿ ಇಷ್ಟು ಕಳೆದರೆ ಮೋಟಾರು ಇನ್ನೂ ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಆಗ ನಾವು ಬೈಯುವುದು ಲೈನ್‌ಮನ್ನನನ್ನು!

ಹಾಗೆಂದು ಹೊದಿಕೆ ಲೆಕ್ಕಕ್ಕಿಲ್ಲವೆಂದಲ್ಲ. ದಪ್ಪಕ್ಕಿಂತ ಅದರ ಜಾತಿ ಮುಖ್ಯ. ಸಾಮಾನ್ಯ ಪಿವಿಸಿ ತಾಳುವುದು 70 ಡಿಗ್ರಿ. ನಮ್ಮ ಏಪ್ರಿಲ್ಲಿನ ಗಾಳಿಯೇ 40ರ ಆಸುಪಾಸಿನಲ್ಲಿರುತ್ತದೆ. ಮೊಳಕಾಲ್ಮೂರು ಕಡೆಯ ಹೊಲಗಳಲ್ಲಿ, ಮನೆಯೊಳಗೆ ಬಳಸುವ ಕೆಂಪು, ಹಳದಿ ವೈರನ್ನು ಜಾಲಿಯ ಗೂಟಗಳಿಗೆ ಕಟ್ಟಿ ಎಳೆದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಇಂಗಾಲ ಬೆರೆಸಿದ ಕಪ್ಪು ಹೊದಿಕೆ ಬಿಸಿಲನ್ನು ತಾಳುತ್ತದೆ. ಈ ಬಣ್ಣದ ಹೊದಿಕೆಗಳು ಕೆಲವೇ ಬೇಸಿಗೆಗಳಲ್ಲಿ ಬಿರಿಯುತ್ತವೆ. ಬಿರುಕಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತುವುದು ನಮ್ಮವರ ಇಂಜಿನಿಯರಿಂಗ್. ನಾನು ಅಲ್ಲಿ ಪಾಠ ಹೇಳುತ್ತಿದ್ದಾಗ ಅಂಥದೊಂದು ವೈರು ಮಳೆಯಲ್ಲಿ ಕಳಚಿ ಬಿದ್ದು ಎಮ್ಮೆಯೊಂದು ಸತ್ತಿತು. ಅದನ್ನು ಹೊಡೆದುಕೊಂಡು ಹೋಗುತ್ತಿದ್ದವನು ನನ್ನ ಎಂಟನೆಯ ತರಗತಿಯ ಹುಡುಗ. ಹತ್ತು ಹೆಜ್ಜೆ ಹಿಂದಿದ್ದನಾದ್ದರಿಂದ ಉಳಿದ.

ಇದನ್ನು ಓದುವ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಕೊಳವೆಬಾವಿಯಿದೆ. ಕೊಳ್ಳುವ ಮೊದಲು ಕೇಬಲ್ಲಿನ ಮೈಮೇಲೆ ಅಚ್ಚಾಗಿರುವ ಚದರ ಮಿಲಿಮೀಟರನ್ನೂ ಐಎಸ್‌ಐ ಗುರುತನ್ನೂ ಓದಿ. ಬಾವಿಯ ಆಳ ಹೇಳಿಯೇ ಅಳತೆ ಕೇಳಿ. ಸೀರೆಯ ಎಳೆ ಎಣಿಸಿ ಚೌಕಾಸಿ ಮಾಡುವ ನಮಗೆ ಇದು ಕಷ್ಟವಾಗಬಾರದು.

ಶಿಷ್ಯನನ್ನು ಗದರಿಸಿದೆನಾದರೂ ಆ ಹಕ್ಕು ನನಗೆ ಪೂರ್ತಿಯಾಗಿಲ್ಲ. ಮೂವತ್ತು ವರ್ಷ ಪ್ರತಿರೋಧದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಒಂದು ದಿನವಾದರೂ ಎರಡು ವೈರುಗಳ ತುದಿ ಸುಲಿದು ಮಕ್ಕಳ ಕೈಗೆ ಕೊಡಲಿಲ್ಲ. ಅವನು ಕೇಬಲ್ ಹಿಂದಿರುಗಿಸಲು ಹೋದಾಗ, ತುದಿ ಸುಲಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದರಂತೆ. ಸುಲಿದವನು ನಾನೇ ತಾನೇ!